ತೋಟದ ಮನೆಯಲ್ಲಿ ಕೊನೆಗೆ ಯಾರಿರುತ್ತಾರೆ?

ಪ್ರಶ್ನೆ: ನನಗೀಗ 57. ಬೆಂಗಳೂರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಶಿಕ್ಷಕಿ, ಹಳೇ ಪಿಂಚಣಿಯವಳು. ಇನ್ನು ಮೂರು ವರ್ಷ ಸೇವೆ ಇದೆ. ಯಜಮಾನರಿಗೆ 63, ಖಾಸಗಿ ಕಂಪನಿಯಿಂದ ನಿವೃತ್ತರು. ಸಕ್ಕರೆ ಕಾಯಿಲೆ ಇದೆ, ಎರಡು ವರ್ಷದ ಹಿಂದೆ ಒಂದು ಸ್ಟೆಂಟ್ ಹಾಕಿದ್ದಾರೆ. ಅವರು ಕೊಡಗಿನ ನಾಪೋಕ್ಲು ಕಡೆಯ ಕೊಡವರು, ನಾನು ಹಾಸನದವಳು. ಒಕ್ಕದ (ಮನೆತನದ) ಜಮ್ಮಾ ಜಾಗದಲ್ಲಿ, ಅಂದರೆ ತಲೆಮಾರಿನಿಂದ ಬಂದ ಕೂಡು ಆಸ್ತಿಯಲ್ಲಿ, ಅವರ ಪಾಲಿಗೆ ಮೂರೂವರೆ ಎಕರೆ ರೊಬಸ್ಟಾ ಕಾಫಿ ತೋಟ ಬಂದಿದೆ, ಪಾಲು ಮಾತ್ರ ಬಾಯಿಮಾತಿನದು. ಬೆಂಗಳೂರಿನ ಮನೆ ನಮ್ಮಿಬ್ಬರ ಹೆಸರಿನಲ್ಲಿದೆ. ಅದನ್ನು ಮಾರಿ ತೋಟದಲ್ಲಿ ಮನೆ ಕಟ್ಟೋಣ, ಉಳಿದ ಜೀವನ ಅಲ್ಲೇ ಕಳೆಯೋಣ ಅನ್ನುವುದು ಅವರ ಹಟ. ನನಗೆ ಕಾರು ಓಡಿಸಲು ಬರುವುದಿಲ್ಲ. ಮಗಳು ಮೈಸೂರಿನಲ್ಲಿದ್ದಾಳೆ. ಜರ್ಮನಿಯಲ್ಲಿರುವ ಮಗ, ಹೇಗೂ ಮನೆ ಮಾರುತ್ತೀರಲ್ಲ, ಒಂದಷ್ಟು ಈಗಲೇ ಕೊಟ್ಟರೆ ಅಲ್ಲಿ ಫ್ಲ್ಯಾಟ್ ತಗೋತೀನಿ ಅನ್ನುತ್ತಾನೆ. ಕೈಯಲ್ಲಿ ಉಳಿತಾಯ 40 ಲಕ್ಷ, ನನ್ನ ಪಿಂಚಣಿ ಸುಮಾರು 45 ಸಾವಿರ ಬರಬಹುದು. ಬೇಡ ಅನ್ನಲು ಕಾರಣ ಸಿಗುತ್ತಿಲ್ಲ, ಹೂಂ ಅನ್ನಲು ಧೈರ್ಯ ಬರುತ್ತಿಲ್ಲ. ಏನು ಮಾಡಲಿ?

ಉತ್ತರ: ಮೇಡಂ, ನಿಮ್ಮ ಪತ್ರದಲ್ಲಿ ಎಕರೆ, ಲಕ್ಷ, ಪಿಂಚಣಿ ಎಲ್ಲ ಇವೆ. ನಾನು ಎರಡು ಸಲ ಓದಿದ್ದು ನಡುವೆ ಸಿಕ್ಕಿಕೊಂಡಿರುವ ಸಣ್ಣ ಸಾಲನ್ನು. ನನಗೆ ಕಾರು ಓಡಿಸಲು ಬರುವುದಿಲ್ಲ ಎಂದಿದ್ದೀರಿ. ಅದಕ್ಕೂ ಮನೆ ಕಟ್ಟುವುದಕ್ಕೂ ಏನು ಸಂಬಂಧ ಎಂದು ನಿಮ್ಮ ಯಜಮಾನರು ಕೇಳಬಹುದು. ನನ್ನ ಪ್ರಕಾರ ಅಲ್ಲಿಂದಲೇ ಶುರು ಮಾಡಬೇಕು.

ನಿಮಗೂ ಅವರಿಗೂ ಆರು ವರ್ಷದ ಅಂತರ. ಅವರಿಗೆ ಸಕ್ಕರೆ, ಮೇಲೆ ಸ್ಟೆಂಟ್. ಸಾಮಾನ್ಯವಾಗಿ ಹೆಂಗಸರ ಆಯುಸ್ಸು ಗಂಡಸರಿಗಿಂತ ಸ್ವಲ್ಪ ಉದ್ದ. ಕೇಳಲು ಒರಟಾಗಿದೆ, ಆದರೆ ಲೆಕ್ಕ ಹಾಗೇ ಬರುತ್ತದೆ: ಈ ಮನೆಯಲ್ಲಿ ಕೊನೆಯ ಎಂಟು ಹತ್ತು ವರ್ಷ ಇರುವವರು ನೀವು, ಅದೂ ಒಬ್ಬರೇ. ನಿವೃತ್ತಿಯ ಯೋಜನೆ ಹಾಕುವಾಗ ಎಲ್ಲರೂ ಇಬ್ಬರೂ ಗಟ್ಟಿಮುಟ್ಟಾಗಿರುವ ಮೊದಲ ಹತ್ತು ವರ್ಷ ಮನಸ್ಸಿನಲ್ಲಿಟ್ಟುಕೊಂಡೇ ನಕ್ಷೆ ಬರೆಸುತ್ತಾರೆ. ಹಾಗಾಗಿ ನೀವು ಯೋಚಿಸಬೇಕಾದ್ದು ನಿಮ್ಮ 78ನೇ ವಯಸ್ಸಿನ ಒಂದು ಜುಲೈ ರಾತ್ರಿಯನ್ನು.

ನನ್ನ ಪರಿಚಯ ಸ್ವಲ್ಪ ಹೇಳಿಬಿಡುತ್ತೇನೆ. ಬ್ಯಾಂಕಿನ ಕೃಷಿ ಅಧಿಕಾರಿಯಾಗಿ ಕೊಡಗಿನ ನಾಲ್ಕು ಶಾಖೆಗಳಲ್ಲಿ ಇಪ್ಪತ್ತಾರು ವರ್ಷ ತೋಟಗಳಿಗೆ ಸಾಲ ಕೊಟ್ಟವನು ನಾನು. ಜಾಗ ನೋಡದೆ ಸಾಲ ಕೊಟ್ಟವನಲ್ಲ, ಜಿಗಣೆ ಕಚ್ಚಿಸಿಕೊಳ್ಳದೆ ಜಾಗ ನೋಡಿದವನೂ ಅಲ್ಲ. ಇಷ್ಟೆಲ್ಲ ತಿಳಿದಿದ್ದೂ ನನ್ನ ಮನೆಯನ್ನು ರಸ್ತೆಯಿಂದ 34 ಮೆಟ್ಟಿಲು ಕೆಳಗೆ ಕಟ್ಟಿಸಿದೆ. ಎದುರಿಗೆ ಗದ್ದೆ, ಗದ್ದೆಯಾಚೆ ಬೆಟ್ಟ, ಬೆಳಿಗ್ಗೆ ಎದ್ದರೆ ಮಂಜು. ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಮೂರನೇ ಮಳೆಗಾಲಕ್ಕೆ ನನ್ನ ಅಮ್ಮ, 81 ವರ್ಷ, ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಆಂಬುಲೆನ್ಸ್ ರಸ್ತೆಯಲ್ಲಿ ನಿಂತಿತ್ತು. ಮೆಟ್ಟಿಲಿನ ತಿರುವಿನಲ್ಲಿ ಸ್ಟ್ರೆಚರ್ ತಿರುಗಲಿಲ್ಲ. ಕೆಂಪು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ನನ್ನ ಎರಡು ಪಂಚೆ ತಂದು ಕಟ್ಟಿ, ಪಕ್ಕದ ತೋಟದವರು, ಅವರ ಇಬ್ಬರು ಕೆಲಸದವರು, ನಾನು, ನಾಲ್ಕು ಜನ ಹೊತ್ತೆವು. ಮಳೆ ಸುರಿಯುತ್ತಲೇ ಇತ್ತು. ಮೇಲಿನಿಂದ ನಾಲ್ಕನೇ ಮೆಟ್ಟಿಲಿನಲ್ಲಿ ಪಾಚಿ. ನನ್ನ ಕಾಲು ಜಾರಿ ಕುರ್ಚಿ ಒಂದು ಕಡೆಗೆ ವಾಲಿತು. ಅಮ್ಮ ಚೀರಲಿಲ್ಲ, ನನ್ನ ಕಿವಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು, ಅಷ್ಟೆ. 34 ಮೆಟ್ಟಿಲು ಹತ್ತಲು ಇಪ್ಪತ್ತು ನಿಮಿಷ ಹಿಡಿಯಿತು. ಮುಂದಿನ ವರ್ಷ ನಾವು ವಿರಾಜಪೇಟೆಯಲ್ಲಿ ಗೇಟಿನಿಂದ ಹಾಸಿಗೆಯವರೆಗೂ ಒಂದೂ ಮೆಟ್ಟಿಲಿಲ್ಲದ ಬಾಡಿಗೆ ಮನೆಗೆ ಬಂದೆವು. ಇವತ್ತಿಗೂ ಅಲ್ಲೇ ಇದ್ದೇವೆ. ಕೆಳಗಿನ ಆ ಮನೆಗೆ ವಾರಕ್ಕೆರಡು ಸಲ ಹೋಗಿ ಕಿಟಕಿ ತೆಗೆದು ಬರುತ್ತೇನೆ.

ಹಾಗಾಗಿ ನಿಮ್ಮನ್ನು ಕೊಡಗಿಗೆ ಹೋಗಬೇಡಿ ಎಂದು ಹೆದರಿಸುತ್ತಿಲ್ಲ. ಹೋಗಿ. ಆದರೆ ತೋಟದಲ್ಲಿ ಮನೆ ಕಟ್ಟಬೇಡಿ. ತೋಟಕ್ಕೆ ಅರ್ಧ ಮುಕ್ಕಾಲು ಗಂಟೆ ದೂರದ ಪೇಟೆಯಲ್ಲಿರಿ, ಅವರು ಬೆಳಿಗ್ಗೆ ತೋಟಕ್ಕೆ ಹೋಗಿ ಸಂಜೆ ಬರಲಿ. ನಮ್ಮಲ್ಲಿ ಎಷ್ಟೋ ಬೆಳೆಗಾರರು ಹಾಗೇ ಬದುಕುತ್ತಿದ್ದಾರೆ, ಇದರಲ್ಲಿ ಮರ್ಯಾದೆ ಹೋಗುವಂಥದ್ದು ಏನೂ ಇಲ್ಲ.

ನಾಪೋಕ್ಲಿನ ಮಾತಿಗೆ ಬರೋಣ. ಕೊಡಗಿನ ಬೆಳೆಗಾರರು ಮಳೆಯನ್ನು ಇಂಚಿನಲ್ಲೇ ಲೆಕ್ಕ ಹಾಕುವುದು, ನಿಮ್ಮ ಯಜಮಾನರಿಗೂ ಗೊತ್ತಿರುತ್ತದೆ. ಕುಶಾಲನಗರದ ಕಡೆ ವರ್ಷಕ್ಕೆ 40 ಇಂಚಿನ ಆಸುಪಾಸು ಬಿದ್ದರೆ ಮಡಿಕೇರಿಯಲ್ಲಿ ಅದು 120 ದಾಟುತ್ತದೆ, ಭಾಗಮಂಡಲದಲ್ಲಿ 200ಕ್ಕೂ ಮೇಲೆ. ಒಂದೇ ಜಿಲ್ಲೆಯೊಳಗೆ ಇಷ್ಟು ವ್ಯತ್ಯಾಸ. ನಾಪೋಕ್ಲು ಭಾಗಮಂಡಲದ ಕೆಳಗಿನ ಕಾವೇರಿ ಬಯಲು. ಜೋರು ಮಳೆ ಹಿಡಿದರೆ ಮೂರ್ನಾಡು ರಸ್ತೆಯ ಬೊಳಿಬಾಣೆಯಲ್ಲಿ ಹೊಳೆ ನೀರು ರಸ್ತೆಗೆ ಬರುವುದು ಅಲ್ಲಿಯವರಿಗೆ ಪತ್ರಿಕೆಯಲ್ಲಿ ಓದಿ ತಿಳಿಯಬೇಕಾದ ಸುದ್ದಿಯೇ ಅಲ್ಲ. ಭಾಗಮಂಡಲದ ಕಡೆ ರಸ್ತೆಗೂ ಅದೇ ಕಾಟ. ಅಂಥ ರಾತ್ರಿ ಎದೆ ನೋವು ಬಂದರೆ ಮಡಿಕೇರಿ 20 ಚಿಲ್ಲರೆ ಕಿಲೋಮೀಟರ್ ಎನ್ನುವ ಲೆಕ್ಕ ಕೆಲಸಕ್ಕೆ ಬರುವುದಿಲ್ಲ. ಯಾವ ರಸ್ತೆ ತೆರೆದಿದೆ ಎನ್ನುವುದೇ ಲೆಕ್ಕ.

ಹೃದಯದ ವಿಚಾರ ಬಂದದ್ದರಿಂದ ಇಷ್ಟು ತಿಳಿದಿರಲಿ. ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, ಮೊದಲಿಗಿಂತ ಸಾಕಷ್ಟು ಅನುಕೂಲವಾಗಿದೆ. ಆದರೂ ಜಟಿಲ ಅನ್ನಿಸಿದ ಕೇಸನ್ನು ಮೈಸೂರಿಗೋ ಮಂಗಳೂರಿಗೋ ಕಳಿಸುವ ರೂಢಿ ಹೋಗಿಲ್ಲ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ. ಮಂಗಳೂರು ಅದಕ್ಕಿಂತ ದೂರ, ನಡುವೆ ಸಂಪಾಜೆ ಘಾಟಿ. ಆ ಘಾಟಿ 2018ರಲ್ಲಿ ಕುಸಿದು ತಿಂಗಳುಗಟ್ಟಲೆ ಜನರನ್ನು ಪರದಾಡಿಸಿತು. ಹೃದಯಾಘಾತದ ಮೊದಲ ಗಂಟೆಗಳಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಗಳಲ್ಲೇ ಉಚಿತವಾಗಿ ಕೊಡುವ ಯೋಜನೆ ರಾಜ್ಯದಲ್ಲಿ ಇದೆ, ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ. ನೀವು ಮನೆ ನೋಡುವ ಪೇಟೆಯ ಆಸ್ಪತ್ರೆಗೆ ಹೋಗಿ ಇಸಿಜಿ ಯಾರು ಮಾಡುತ್ತಾರೆ, ಈ ಚುಚ್ಚುಮದ್ದು ರಾತ್ರಿ ಹೊತ್ತೂ ಸಿಗುತ್ತದೆಯೇ ಎಂದು ಕೇಳಿ ಬನ್ನಿ. ಮನೆಯ ವಾಸ್ತು ಆಮೇಲೆ ನೋಡಿದರಾಯಿತು.

ಯಾವ ಪೇಟೆ? ಮಡಿಕೇರಿಯಲ್ಲಿ ಕಚೇರಿ, ಆಸ್ಪತ್ರೆ ಎಲ್ಲ ಕೈಗೆಟುಕುತ್ತದೆ, ಆದರೆ ಎಲ್ಲಿಗೆ ಹೋದರೂ ಏರು ಇಲ್ಲವೇ ಇಳಿಜಾರು, ಮಂಡಿ ನೋವಿನವರಿಗೆ ಆಗದು. ಕುಶಾಲನಗರ ಸಮತಟ್ಟು, ಮಳೆ ಕಡಿಮೆ, ಮೈಸೂರಿಗೆ 90 ಕಿ.ಮೀ. ಆಸುಪಾಸು, ಮಗಳು ಎರಡು ಗಂಟೆಯಲ್ಲಿ ಬಂದಾಳು. ಅಲ್ಲಿ ಮನೆ ಕೊಳ್ಳುವುದಾದರೆ ಮಾತ್ರ ಹೊಳೆಯ ಬದಿಯ ಬಡಾವಣೆಗಳ ಹತ್ತಿರ ಹೋಗಬೇಡಿ. 2018ರಲ್ಲೂ 2019ರಲ್ಲೂ ಸಾಯಿ ಬಡಾವಣೆ, ಕುವೆಂಪು ಬಡಾವಣೆಗಳ ಮನೆಯೊಳಗೆ ಕಾವೇರಿ ನುಗ್ಗಿತ್ತು. ದಲ್ಲಾಳಿ ಇದನ್ನು ಹೇಳುವುದಿಲ್ಲ, ಎದುರು ಮನೆಯ ಅಜ್ಜಿ ಹೇಳುತ್ತಾರೆ. ಗೋಡೆಯಲ್ಲಿ ನೀರು ನಿಂತ ಗೆರೆ ಎಲ್ಲಿದೆ ಎಂದು ಅವರನ್ನೇ ಕೇಳಿ. ಗೋಣಿಕೊಪ್ಪವೂ ಸಮತಟ್ಟು ಜಾಗ, ಸಂತೆ ಪೇಟೆ ಚೆನ್ನಾಗಿದೆ, ಹುಣಸೂರಿನ ಮೇಲೆ ಮೈಸೂರಿಗೆ ಹೋಗಬಹುದು. ನಿಮ್ಮ ತೋಟಕ್ಕೆ ಮಾತ್ರ ದೂರವಾಗುತ್ತದೆ. ನನ್ನ ಓಟು ವಿರಾಜಪೇಟೆಗೆ (ನಾನು ಅಲ್ಲೇ ಇರುವುದರಿಂದ ಸ್ವಲ್ಪ ಪಕ್ಷಪಾತ ಇದ್ದೀತು, ಅದನ್ನು ಕಳೆದೇ ಓದಿ). ಕಡಂಗದ ಮೇಲೆ ನಾಪೋಕ್ಲಿಗೆ 20 ಕಿ.ಮೀ. ಆಸುಪಾಸು, ತಾಲ್ಲೂಕು ಆಸ್ಪತ್ರೆ ಇದೆ, ಮಾಕುಟ್ಟದ ಮೇಲೆ ಕಣ್ಣೂರು ವಿಮಾನ ನಿಲ್ದಾಣವೂ ಸಿಗುತ್ತದೆ. ಅಲ್ಲೂ ಬೆಟ್ಟದ ಬುಡ ಬೇಡ. ಮಲೆತಿರಿಕೆ ಬೆಟ್ಟದಲ್ಲಿ ಬಿರುಕು ಬಿಟ್ಟು ಕೆಳಗಿನವರನ್ನು ಮಳೆಗಾಲದಲ್ಲಿ ಬೇರೆ ಕಡೆ ಕಳಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಇಷ್ಟು ಹೇಳಿದರೂ ಅವರು ತೋಟದಲ್ಲೇ ಕಟ್ಟುತ್ತೇನೆ ಎಂದರೆ? ಆಗ ಎರಡು ವಿಷಯದಲ್ಲಿ ನೀವು ಹಟ ಹಿಡಿಯಬೇಕು. ಒಂದು ಮಣ್ಣು, ಇನ್ನೊಂದು ಕಾಗದ.

ಮಣ್ಣಿನ ವಿಷಯ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು, ಕಾಲೂರು, ಮೊಣ್ಣಂಗೇರಿ ಕಡೆ ಬೆಟ್ಟ ಜರಿದವು. ಮರುವರ್ಷ ತೋರ ಎಂಬ ಊರಿನಲ್ಲಿ. 2020ರ ಆಗಸ್ಟ್‌ನಲ್ಲಿ ಬ್ರಹ್ಮಗಿರಿ ಕುಸಿದು ತಲಕಾವೇರಿಯ ಅರ್ಚಕರ ಮನೆಯೇ ಹೋಯಿತು. ಮಳೆ ಹೆಚ್ಚಾದದ್ದು ನಿಜ. ಅದರ ಜತೆಗೆ ಮನೆಗೆ, ರಸ್ತೆಗೆ, ರೆಸಾರ್ಟಿಗೆ ಎಂದು ಜೆಸಿಬಿ ತಂದು ಬರೆ (ಗುಡ್ಡದ ಕಡಿದಾದ ಪಕ್ಕ) ಕಡಿದದ್ದೂ ಕಾರಣ. ಇಳಿಜಾರಿನ ಬುಡ ಕತ್ತರಿಸಿ, ತೆಗೆದ ಮಣ್ಣನ್ನು ಮುಂದಕ್ಕೆ ತಳ್ಳಿ ಅಂಗಳ ಮಾಡುತ್ತಾರೆ. ಹಿಂದಿನ ಬರೆಗೆ ಕಾಲಿಲ್ಲ, ಮುಂದಿನ ಅಂಗಳಕ್ಕೆ ತಳವಿಲ್ಲ. ನೀವು ಜಾಗ ನೋಡಲು ಹೋದಾಗ ಮರಗಳ ಬುಡ ನೋಡಿ. ಬುಡ ಬಾಗಿ ಮೇಲೆ ನೆಟ್ಟಗಾಗಿದ್ದರೆ ಮಣ್ಣು ನಿಧಾನವಾಗಿ ಜಾರುತ್ತಿದೆ ಎಂದರ್ಥ ಇರಬಹುದು. ಮೊದಲು ಇಲ್ಲದ ಕಡೆ ಒರತೆ ಎದ್ದಿದೆಯೇ, ಅದರ ನೀರು ಕೆಂಪಗೆ ಬರುತ್ತಿದೆಯೇ, ಬೇಲಿ ಕಂಬ ವಾಲಿದೆಯೇ, ಎಲ್ಲ ನೋಡಿ. ಆಮೇಲೆ ಒಕ್ಕದ ಐನ್‌ಮನೆ (ಹಿರಿಯರ ಮೂಲಮನೆ) ಎಲ್ಲಿದೆ ಎಂದೂ ನೋಡಿ. ಹಿರಿಯರು ಗದ್ದೆಗೆ ಮೇಲೆ, ಬೆಟ್ಟಕ್ಕೆ ಕೆಳಗೆ, ತಾನಾಗಿ ಸಮ ಇರುವ ಜಾಗ ಆರಿಸುತ್ತಿದ್ದರು. ಅವರ ಕೈಯಲ್ಲಿ ಜೆಸಿಬಿ ಇರಲಿಲ್ಲವಲ್ಲ. ಐನ್‌ಮನೆಯ ಸಾಲಿನಲ್ಲೇ, ರಸ್ತೆಯ ಮಟ್ಟದಲ್ಲೇ ಜಾಗ ಸಿಕ್ಕಿದರೆ ಮಾತಾಡೋಣ. ಸಿಗದಿದ್ದರೆ ಬೇಡ.

ಕಾಗದದ ವಿಷಯ ಇನ್ನೂ ಗಟ್ಟಿ. ಜಮ್ಮಾ ಜಾಗದ ಪಹಣಿಯಲ್ಲಿ ಎಷ್ಟೋ ಕಡೆ ಇವತ್ತಿಗೂ ಯಾವಾಗಲೋ ತೀರಿಹೋದ ಪಟ್ಟೆದಾರರ (ಒಕ್ಕದ ಹಿರಿಯರ) ಹೆಸರೇ ಇರುತ್ತದೆ. ನಿಮ್ಮ ಯಜಮಾನರ ಮೂರೂವರೆ ಎಕರೆ ಎಂದು ಎಲ್ಲರೂ ಒಪ್ಪಿರಬಹುದು, ಅಣ್ಣತಮ್ಮಂದಿರಲ್ಲಿ ಜಗಳವೂ ಇಲ್ಲದಿರಬಹುದು. ಆದರೆ ಬಾಯಿಮಾತು ಆಡಿದವರು ಇರುವ ತನಕ ಮಾತ್ರ. ಇವರ ಕಾಲದ ನಂತರ ಅವರ ಪಾಲು ನಿಮಗೂ ಮಕ್ಕಳಿಗೂ ಬರುತ್ತದೆ ಎಂದು ಕಾನೂನು ಹೇಳಿದರೂ, ಆ ಪಾಲು ಇಡೀ ಒಕ್ಕದ ಜಾಗದಲ್ಲಿ ಎಲ್ಲಿಂದ ಎಲ್ಲಿಗೆ ಎಂದು ತೋರಿಸಲು ಕಾಗದ ಬೇಕಲ್ಲ. ಸಾಲ ಕೊಡುವ ಕುರ್ಚಿಯಲ್ಲಿ ಕೂತು ಇಂಥ ಎಷ್ಟು ಫೈಲು ವಾಪಸು ಕಳಿಸಿದ್ದೇನೋ ಲೆಕ್ಕವಿಲ್ಲ. ಮನೆ ಅರಮನೆಯಂತಿರುತ್ತಿತ್ತು, ಕೆಳಗಿನ ಜಾಗ ಯಾರದೆಂದು ಹೇಳಲು ಆಗುತ್ತಿರಲಿಲ್ಲ.

ಈಗ ಇದನ್ನು ನಿಮ್ಮ ಬೆಂಗಳೂರಿನ ಮನೆಗೆ ಜೋಡಿಸಿ ನೋಡಿ. ಅದರಲ್ಲಿ ಅರ್ಧ ನಿಮ್ಮದು, ದಾಖಲೆಯಲ್ಲೇ ಇದೆ. ಅದನ್ನು ಮಾರಿ ಒಕ್ಕದ ಜಾಗದಲ್ಲಿ ಕಟ್ಟಿದರೆ ನಿಮ್ಮ ಹೆಸರಿನಲ್ಲಿದ್ದ ಅರ್ಧ ಮನೆ ಯಾರ ಹೆಸರಿನಲ್ಲೂ ಸರಿಯಾಗಿ ಇಲ್ಲದ ಮಣ್ಣಿನ ಮೇಲೆ ಕೂರುತ್ತದೆ. ನೀವು ಕೇಳಿದ ಕಾರಣ ಇದು. ಇದನ್ನು ಯಜಮಾನರಿಗೆ ಹೇಳುವಾಗ ಅಪನಂಬಿಕೆ ಎಂದು ಅವರಿಗೆ ಅನ್ನಿಸದ ಹಾಗೆ ಹೇಳಿ. ಕಟ್ಟುವುದಾದರೆ ಮೊದಲು ಒಕ್ಕದವರೆಲ್ಲರ ಸಹಿ ಹಾಕಿಸಿ ಪಾಲುಪಟ್ಟಿ ನೋಂದಣಿ ಮಾಡಿಸಿ, ಅಳತೆ ಮಾಡಿಸಿ, ನಕ್ಷೆ ತೆಗೆಸಿ, ಪಹಣಿಯಲ್ಲಿ ಹೆಸರು ಬರಲಿ. ಹೊರದೇಶದಲ್ಲಿರುವ ದಾಯಾದಿಯ ಸಹಿಗೇ ಒಂದು ವರ್ಷ ಹೋದೀತು. ಅಷ್ಟರಲ್ಲಿ ನಿಮಗೂ ಯೋಚಿಸಲು ಪುರುಸೊತ್ತು ಸಿಗುತ್ತದೆ.

ತೆರಿಗೆಯ ಕಡೆಯಿಂದಲೂ ಅವಸರ ಬೇಡ. ಹಳೇ ಮನೆ ಮಾರಿದ ಲಾಭದ ಮೇಲೆ ಶೇ 12.5 ತೆರಿಗೆ. 2024ರ ಜುಲೈ 23ಕ್ಕಿಂತ ಮೊದಲು ಕೊಂಡ ಮನೆಯಾದರೆ, ಬೆಲೆಯೇರಿಕೆಯ ಸೂಚ್ಯಂಕ ಸೇರಿಸಿ ಶೇ 20ರ ಲೆಕ್ಕ ಹಾಕಿ ಯಾವುದು ಕಡಿಮೆಯೋ ಅದನ್ನು ಆರಿಸಿಕೊಳ್ಳಬಹುದು. ಆ ಲಾಭವನ್ನು ಇನ್ನೊಂದು ಮನೆಗೆ ಹಾಕಿದರೆ ವಿನಾಯಿತಿ ಇದೆ: ಕೊಳ್ಳುವುದಾದರೆ ಮಾರಿದ ಎರಡು ವರ್ಷದೊಳಗೆ, ಕಟ್ಟುವುದಾದರೆ ಮೂರು ವರ್ಷದೊಳಗೆ. ಮೂರು ವರ್ಷ ಎಂದರೆ ಬೆಂಗಳೂರಿನವರಿಗೆ ಧಾರಾಳ. ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಗಾರೆ ಕೆಲಸ ನಡೆಯುವುದಿಲ್ಲ, ಜನವರಿ ಫೆಬ್ರವರಿಯಲ್ಲಿ ಆಳುಗಳೆಲ್ಲ ಕಾಫಿ ಕೊಯ್ಲಿಗೆ. ಪಾಲುಪಟ್ಟಿ ಆಗದೆ ಮಾರಿಬಿಟ್ಟರೆ ಗಡಿಯಾರ ಓಡಲು ಶುರು. ಹಣವನ್ನು ಬಂಡವಾಳ ಲಾಭದ ಖಾತೆಯಲ್ಲಿಟ್ಟು ಕಾಯಬಹುದು, ಆದರೆ ಮೂರು ವರ್ಷದ ಗಡುವು ಅದರಿಂದ ಮುಂದೆ ಹೋಗುವುದಿಲ್ಲ. ಜಾಗದ ಕಾಗದ ಅರೆಬರೆ ಇದ್ದರೆ ನಿಮ್ಮ ಅರ್ಧದ ವಿನಾಯಿತಿಗೆ ತಗಾದೆ ತೆಗೆಯಲು ಇಲಾಖೆಗೆ ನಾವೇ ದಾರಿ ಮಾಡಿಕೊಟ್ಟಂತೆ. ನನ್ನ ಸಲಹೆ, ನೀವು ನಿವೃತ್ತರಾದ ಮೇಲೂ ಎರಡು ವರ್ಷ ಆ ಮನೆ ಮಾರಬೇಡಿ. ಬಾಡಿಗೆಗೆ ಕೊಡಿ. ಬೆಂಗಳೂರಿನ ಬಾಡಿಗೆಯಲ್ಲಿ ವಿರಾಜಪೇಟೆಯ ಮನೆ ಬಾಡಿಗೆ ಕಟ್ಟಿ ಮಿಕ್ಕುತ್ತದೆ.

ತೋಟದ ಆದಾಯವನ್ನು ಪಿಂಚಣಿಯಂತೆ ನಂಬಬೇಡಿ. ಎಕರೆಗೆ ಹದಿನೈದು ಚೀಲ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) ಎಂದೇ ಹಿಡಿಯೋಣ, ಮೂರೂವರೆ ಎಕರೆಗೆ 52 ಚೀಲ. 2020ರ ಹೊತ್ತಿಗೆ 50 ಕೆ.ಜಿ. ರೊಬಸ್ಟಾ ಚೆರಿ ಚೀಲಕ್ಕೆ ಮೂರೂವರೆ ಸಾವಿರದ ಆಸುಪಾಸಿತ್ತು. 2024ರಲ್ಲಿ ಹತ್ತು ಸಾವಿರ ಮುಟ್ಟಿತು. ಅದೇ ತೋಟ, ಅದೇ ಗಿಡ. ಒಂದು ಲೆಕ್ಕದಲ್ಲಿ ವರ್ಷಕ್ಕೆ 1.8 ಲಕ್ಷ, ಇನ್ನೊಂದರಲ್ಲಿ 5.2 ಲಕ್ಷ. ಇದರಲ್ಲಿ ಗೊಬ್ಬರ, ಕಪಾತು (ರೆಂಬೆ ಸವರುವುದು), ಮರ ಕಪಾತು, ಕೊಯ್ಲಿನ ಕೂಲಿ ಎಲ್ಲ ಕಳೆಯಬೇಕು. ಕಾಫಿ ಹೂ ಬಿಡಿಸುವ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಡೀಸೆಲ್ಲು ಬೇರೆ. ನಿಮ್ಮ ಯಜಮಾನರ ತಲೆಯಲ್ಲಿರುವುದು 2024ರ ದರ, ಬಹುಶಃ. 2001-02ರಲ್ಲಿ ದರ ಕುಸಿದಾಗ ತೋಟದವರು ಬ್ಯಾಂಕಿನ ಮೆಟ್ಟಿಲ ಮೇಲೆ ಕೂತದ್ದನ್ನು ನಾನು ನೋಡಿದ್ದೇನೆ. ಕಾಫಿ ದುಡ್ಡು ಬಂದರೆ ತೋಟಕ್ಕೇ ಹಾಕಿ, ಮಿಕ್ಕರೆ ಹಬ್ಬ ಮಾಡಿ. ಸಂಸಾರ ನಡೆಯಬೇಕಾದ್ದು ಬೇರೆ ದುಡ್ಡಿನಲ್ಲಿ.

ಆ ಬೇರೆ ದುಡ್ಡು ನಿಮ್ಮಲ್ಲಿದೆ. ಅವರಿಗೆ 60 ದಾಟಿರುವುದರಿಂದ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಈಗಲೇ ಹಾಕಬಹುದು, ಒಬ್ಬರಿಗೆ 30 ಲಕ್ಷದ ತನಕ. 2023ರ ಏಪ್ರಿಲ್‌ನಲ್ಲಿ ಅದರ ಬಡ್ಡಿ ಶೇ 8.2ಕ್ಕೆ ಏರಿತು. ಆ ದರದಲ್ಲಿ 15 ಲಕ್ಷಕ್ಕೆ ತಿಂಗಳಿಗೆ 10,250 ರೂಪಾಯಿ ಬಿದ್ದಂತೆ, ಕೈಗೆ ಬರುವುದು ಮೂರು ತಿಂಗಳಿಗೊಮ್ಮೆ. ಹಾಕುವ ದಿನದ ದರ ಐದು ವರ್ಷವೂ ಬದಲಾಗುವುದಿಲ್ಲ. ನೀವು 60 ತುಂಬಿದ ಮೇಲೆ ನಿಮ್ಮ ಹೆಸರಿನಲ್ಲಿ ಇನ್ನೊಂದು. ಬ್ಯಾಂಕಿನ ಖಾತೆಗಳನ್ನೆಲ್ಲ ಜಂಟಿ ಮಾಡಿ, 'ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು' ಎಂದು ಬರೆಸಿ. ಒಂದು ಗಮನಿಸಿ: ನಿಮ್ಮ ಪಿಂಚಣಿ ಕೊನೆಯ ಮೂಲವೇತನದ ಅರ್ಧ, ನೀವಿಲ್ಲದಿದ್ದರೆ ಅವರಿಗೆ ಬರುವ ಕುಟುಂಬ ಪಿಂಚಣಿ ಸಾಮಾನ್ಯವಾಗಿ ಶೇ 30. ನಾನು ಮೇಲೆ ಹಾಕಿದ ಲೆಕ್ಕ ತಿರುಗುಮುರುಗಾಗಿ ಅವರೇ ಉಳಿದರೂ ಮನೆ ನಡೆಯಬೇಕಲ್ಲ.

ಆರೋಗ್ಯ ವಿಮೆಯನ್ನು ಮಾತ್ರ ಈ ತಿಂಗಳೇ ಮಾಡಿ, ನಾಳೆಗೆ ಇಡಬೇಡಿ. ಸೇವೆಯಲ್ಲಿರುವಾಗಿನ ವೈದ್ಯಕೀಯ ಸೌಲಭ್ಯ ನಿವೃತ್ತಿಯ ಮರುದಿನವೂ ಹಾಗೇ ಇರುತ್ತದೆ ಎಂದುಕೊಂಡು ಮೋಸ ಹೋದವರು ಬಹಳ. 2024ರ ಏಪ್ರಿಲ್‌ನಿಂದ ಬಂದ ನಿಯಮದ ಪ್ರಕಾರ ಮೊದಲೇ ಇರುವ ಕಾಯಿಲೆಗಳಿಗೆ ವಿಮಾ ಕಂಪನಿ ಹೆಚ್ಚೆಂದರೆ ಮೂರು ವರ್ಷ ಕಾಯಿಸಬಹುದು. ನಿಮಗೆ ಉಳಿದಿರುವ ಸೇವೆಯೂ ಮೂರು ವರ್ಷ. ಈಗ ತೆಗೆದುಕೊಂಡರೆ ನೀವು ಬೀಳ್ಕೊಡುಗೆಯ ಹಾರ ಹಾಕಿಸಿಕೊಳ್ಳುವ ಹೊತ್ತಿಗೆ ಅವರ ಹೃದಯಕ್ಕೂ ಸಕ್ಕರೆಗೂ ವಿಮೆ ಚಾಲೂ. ಅರ್ಜಿಯಲ್ಲಿ ಸ್ಟೆಂಟ್ ಮುಚ್ಚಿಡಬೇಡಿ. ಏಜೆಂಟರು 'ಅದೆಲ್ಲ ಬರೀಬೇಡಿ ಸಾರ್' ಅಂದರೆ ಎದ್ದು ಬನ್ನಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲೆ ಜಿಎಸ್‌ಟಿಯೂ ಇಲ್ಲ.

ಮಗನಿಗೆ? ಕೊಡಬೇಡಿ ಎನ್ನುವ ಹಕ್ಕು ನನಗಿಲ್ಲ. ಕೊಡುವುದಾದರೆ ನಿಮ್ಮಿಬ್ಬರ ಊಟ, ಔಷಧ, ಹೋಂ ನರ್ಸ್ ಸಂಬಳ ಎಲ್ಲ ಎತ್ತಿಟ್ಟು ಮಿಕ್ಕಿದ್ದರಲ್ಲಿ ಕೊಡಿ. ಮುಂದೆಂದಾದರೂ ಮನೆಯನ್ನೋ ತೋಟವನ್ನೋ ಮಕ್ಕಳಿಗೆ ದಾನಪತ್ರ ಮಾಡುವುದಾದರೆ, ನಮ್ಮನ್ನು ಕೊನೆಯವರೆಗೂ ನೋಡಿಕೊಳ್ಳಬೇಕು ಎನ್ನುವ ಷರತ್ತನ್ನು ಪತ್ರದೊಳಗೇ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ, ನೋಡಿಕೊಳ್ಳದಿದ್ದರೆ ದಾನ ರದ್ದು ಮಾಡಿಸಲು 23ನೇ ಕಲಮು ಇದೆ. ಷರತ್ತು ಬರೆದಿರದಿದ್ದರೆ ನಿಲ್ಲದು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2025ರಲ್ಲಿ ಹಿರಿಯರ ಪರವಾಗಿ ಸ್ವಲ್ಪ ಉದಾರವಾಗಿ ಓದಿದೆ. ವ್ಯಾಜ್ಯಕ್ಕೆ ಬಿಡುವ ಬದಲು ಮೊದಲೇ ಎರಡು ಸಾಲು ಬರೆಸುವುದು ಸುಲಭ. ಅದಕ್ಕಿಂತ ಸುಲಭ ವಿಲ್ಲು. ಬದುಕಿರುವ ತನಕ ಎಲ್ಲ ನಿಮ್ಮದೇ, ಬೇಕಾದಾಗ ಬದಲಿಸಬಹುದು.

ನಿಮ್ಮ ಪತ್ರದಲ್ಲಿ ಇನ್ನೊಂದು ಮಾತು ಇದೆ, ನೀವೇ ಗಮನಿಸಿದಿರೋ ಇಲ್ಲವೋ. ಅವರು ಕೊಡವರು, ನಾನು ಹಾಸನದವಳು. ಮೇ ರಜೆಗೂ ಪುತ್ತರಿ ಹಬ್ಬಕ್ಕೂ ಊರಿಗೆ ಹೋದಾಗ ಎಲ್ಲರೂ ನಿಮ್ಮ ಜತೆ ಕನ್ನಡದಲ್ಲೇ ಮಾತಾಡಿರುತ್ತಾರೆ, ಅಕ್ಕರೆಯಿಂದಲೇ ನೋಡಿಕೊಂಡಿರುತ್ತಾರೆ. ನೆಂಟರ ಮರ್ಯಾದೆ ಅದು. ಅಲ್ಲೇ ನೆಲೆಸಿದ ಮೇಲೆ ಮಾತು ಮೆಲ್ಲಗೆ ಕೊಡವ ತಕ್ಕಿಗೆ (ಕೊಡವ ಭಾಷೆಗೆ) ಜಾರುತ್ತದೆ, ನೀವು ನಗುತ್ತಾ ಕೂತಿರುತ್ತೀರಿ. ಅವರಿಗೆ ಒಕ್ಕ ಇದೆ, ಬಾಲ್ಯದ ಗೆಳೆಯರಿದ್ದಾರೆ. ನಿಮಗೆ ಬೆಂಗಳೂರಿನಲ್ಲಿರುವ ಸಹೋದ್ಯೋಗಿಗಳು, ಹಳೇ ವಿದ್ಯಾರ್ಥಿಗಳು ಅಲ್ಲಿಲ್ಲ. ಪೇಟೆಯಲ್ಲಿದ್ದರೆ ನಾಲ್ಕು ಮಕ್ಕಳಿಗೆ ಗಣಿತ ಹೇಳಿಕೊಡಬಹುದು, ಗ್ರಂಥಾಲಯಕ್ಕೆ ನಡೆದು ಹೋಗಬಹುದು, ಆಟೋ ಹತ್ತಿ ಬ್ಯಾಂಕಿಗೆ ಹೋಗಬಹುದು. ತೋಟದಲ್ಲಿ ಪ್ರತಿಯೊಂದಕ್ಕೂ ಅವರ ಕಾರಿನ ಕೀಲಿಯನ್ನೇ ಕಾಯಬೇಕು. ಯಜಮಾನರ ಜತೆ ನೀವು ಮೊದಲು ಮಾತಾಡಬೇಕಾದ್ದು ಇದನ್ನೇ ಇರಬಹುದು.

ಮಾತಿನಲ್ಲೇ ತೀರ್ಮಾನವಾಗದ್ದನ್ನು ಮಳೆಗಾಲಕ್ಕೆ ಬಿಡಿ. ಬರುವ ಜೂನ್‌ನಿಂದ ಸೆಪ್ಟೆಂಬರ್ ತನಕ ಅವರು ನಾಪೋಕ್ಲಿನಲ್ಲೇ ಒಂದು ಬಾಡಿಗೆ ಮನೆ ಹಿಡಿದು ಇರಲಿ, ನೀವು ಶಾಲೆ ನೋಡಿಕೊಂಡು ಬೆಂಗಳೂರಿನಲ್ಲಿರಿ. ಐನ್‌ಮನೆಯಲ್ಲಿ ಬೇಡ, ಅಲ್ಲಿ ಅಡುಗೆ ಬಡಿಸಲು ಅತ್ತಿಗೆಯರಿರುತ್ತಾರೆ, ಪರೀಕ್ಷೆ ಆಗುವುದಿಲ್ಲ. ಮೂರು ದಿನ ಕರೆಂಟು ಹೋದಾಗ ಇನ್ಸುಲಿನ್ ಎಲ್ಲಿಡಬೇಕು, ಶೀಟಿನ ಮೇಲೆ ಮಳೆ ಬೀಳುವಾಗ ನಿಮ್ಮ ಫೋನು ಅವರಿಗೆ ಕೇಳಿಸುತ್ತದೆಯೇ, ಹತ್ತು ದಿನ ಒಣಗದ ಬನಿಯನ್ನಿನ ವಾಸನೆ ಹೇಗಿರುತ್ತದೆ, ಎಲ್ಲ ಅವರಿಗೇ ಗೊತ್ತಾಗಲಿ. ಎರಡು ವಾರಕ್ಕೊಮ್ಮೆ ನೀವು ಬಸ್ಸಿನಲ್ಲಿ ಹೋಗಿ ಬನ್ನಿ, ಕಾರಿನಲ್ಲಿ ಬೇಡ. ಒಂದು ರೇಷ್ಮೆ ಸೀರೆ ಒಯ್ದು ಅಲ್ಲಿನ ಬೀರುವಿನಲ್ಲಿಟ್ಟು ಬನ್ನಿ. ಆಗಸ್ಟ್‌ನಲ್ಲಿ ತೆಗೆದು ನೋಡಿದರೆ ಜರಿಯ ಮೇಲೆ ಬೂಷ್ಟು ಎಷ್ಟು ಹಿಡಿದಿದೆ ಎಂದು ತಿಳಿಯುತ್ತದೆ.

ಅವರು ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬದ ತನಕ ಉಳಿದು, ಆಮೇಲೂ ಅಲ್ಲೇ ಇರುತ್ತೇನೆ ಎಂದರೆ, ಪಾಲುಪಟ್ಟಿಗೆ ವಕೀಲರನ್ನು ನೋಡಿ. ಜುಲೈ ಮಧ್ಯದಲ್ಲೇ ಫೋನು ಮಾಡಿ ಮೈಸೂರಿಗೆ ಮಗಳ ಮನೆಗೆ ಹೋಗುತ್ತೇನೆ ಎಂದರೆ, ನಗಬೇಡಿ. ಆ ತಿಂಗಳ ಬಾಡಿಗೆ ಕೊಟ್ಟು ಬನ್ನಿ ಎನ್ನಿ. ಬಾಡಿಗೆ ಮನೆ ಹುಡುಕುವುದು ಏಪ್ರಿಲ್‌ನಲ್ಲೇ ಆಗಬೇಕು. ನೋಡಲು ಹೋದಾಗ ಬಚ್ಚಲ ಒಲೆಯ ಸೌದೆ ಎಲ್ಲಿಡುತ್ತಾರೆ ಎಂದು ಕೇಳಿ. ಸೌದೆಗೆ ಒಣ ಜಾಗ ಇಲ್ಲದ ಮನೆ ಮಳೆಗಾಲಕ್ಕೆ ಆಗುವುದಿಲ್ಲ. ಅಷ್ಟರಲ್ಲಿ ನೀವು ಡ್ರೈವಿಂಗ್ ಕ್ಲಾಸಿಗೆ ಸೇರಿ.